ಸರ್ಫ್ ಅಂದರೆ ಜೀತದಾಳೇ?

ಇತಿಹಾಸದ ಪಾಠದಲ್ಲಿ ಮಧ್ಯಯುಗದ ಯುರೋಪಿನ ಊಳಿಗಮಾನ್ಯ ಪದ್ಧತಿ ಬಂತೆಂದರೆ ಅದರ ಬೆನ್ನಿಗೇ ‘ಸರ್ಫ್’ ಎಂಬ ಪದವೂ ಬರುತ್ತದೆ. ಕನ್ನಡದಲ್ಲಿ ಅದನ್ನು ‘ಜೀತದಾಳು’ ಎಂದು ಬರೆದು ಮುಗಿಸುವುದು ರೂಢಿ. ನನಗೆ ಇದು ಒಗ್ಗುವುದಿಲ್ಲ. ನಮ್ಮಲ್ಲಿ ಜೀತಕ್ಕೆ ಬೀಳುತ್ತಿದ್ದದ್ದು ಹೆಚ್ಚಾಗಿ ಸಾಲ ತೀರಿಸಲಾರದೆ, ತನ್ನದೆನ್ನುವ ಹೊಲವಿಲ್ಲದೆ. ಸರ್ಫ್‌ಗೆ ಹೊಲವಿತ್ತು, ಆ ಹೊಲವೇ ಅವನಿಗೆ ಕಟ್ಟಿದ ಹಗ್ಗ. ಅವನು ಅದನ್ನು ಬಿಟ್ಟು ಹೋಗುವಂತಿರಲಿಲ್ಲ. ಅವನನ್ನು ಹೊಲದಿಂದ ಕಿತ್ತು ಸಂತೆಯಲ್ಲಿ ಮಾರುವುದೂ ಸಾಮಾನ್ಯವಾಗಿ ನಡೆಯುತ್ತಿರಲಿಲ್ಲ. ಜಮೀನು ಕೈ ಬದಲಾದರೆ ಅಲ್ಲಿನ ಮರ, ಬಾವಿಗಳ ಜೊತೆ ಅವನೂ ಹೊಸ ಒಡೆಯನ ಪಾಲಾಗುತ್ತಿದ್ದ.

ಪದದ ಮೂಲ ಲ್ಯಾಟಿನ್ನಿನ ‘ಸೆರ್ವುಸ್’, ಅಂದರೆ ಗುಲಾಮ. ಫ್ರೆಂಚರ ಬಾಯಲ್ಲಿ ಪದ ಸವೆಯಿತು, ಜೊತೆಗೆ ಅರ್ಥವೂ ಸವೆಯಿತು. ಆಮೇಲೆ ನಿಜವಾದ ಗುಲಾಮನನ್ನು ಕರೆಯಲು ಬೇರೆ ಪದ ಬೇಕಾಯಿತು. ಸೆರೆಸಿಕ್ಕು ಮಾರಾಟವಾಗುತ್ತಿದ್ದ ಸ್ಲಾವ್ ಜನರ ಹೆಸರೇ ‘ಸ್ಲೇವ್’ ಆಗಿ ನಿಂತಿತು.

ಸರ್ಫ್‌ಗಳ ಬದುಕು ಹೇಗಿತ್ತು ಅನ್ನುವುದಕ್ಕೆ ಒಂದು ಕಡತ ಉಳಿದಿದೆ. 9ನೇ ಶತಮಾನದ ಮೊದಲ ದಶಕಗಳಲ್ಲಿ ಪ್ಯಾರಿಸ್ ಬಳಿಯ ಸೇಂಟ್ ಜರ್ಮೈನ್ ಮಠದ ಅಧಿಪತಿ ಇರ್ಮಿನೋನ್ ತನ್ನ ಮಠದ ಆಸ್ತಿಯನ್ನೆಲ್ಲ ಮನೆ ಮನೆ ಲೆಕ್ಕದಲ್ಲಿ ಬರೆಸಿದ. ಅದರಲ್ಲಿ ಬೋಡೋ ಎಂಬ ರೈತ, ಅವನ ಹೆಂಡತಿ ಎರ್ಮೆಂಟ್ರೂಡ್, 3 ಮಕ್ಕಳು ಇದ್ದಾರೆ. ಒಂದಿಷ್ಟು ಉಳುವ ನೆಲ, ದ್ರಾಕ್ಷಿ ತೋಟ, ಹುಲ್ಲುಗಾವಲು ಅವರ ಪಾಲಿಗಿತ್ತು. ಅದಕ್ಕೆ ತೆರಬೇಕಾದ್ದೇನು? ಸೈನ್ಯದ ಖರ್ಚಿಗೆ 2 ಸೊಲಿಡಸ್ (ಆಗಿನ ಹಣದ ಲೆಕ್ಕ) ಬೆಳ್ಳಿ, ಹಂದಿ ಮೇಯಿಸಿದ್ದಕ್ಕೆ 2 ಅಳತೆ ದ್ರಾಕ್ಷಾರಸ, 3 ಕೋಳಿ, 15 ಮೊಟ್ಟೆ, ಮೂರು ವರ್ಷಕ್ಕೊಮ್ಮೆ 100 ಮರದ ಹಲಗೆ. ಇದರ ಮೇಲೆ ಮಠದ ಹೊಲ ಉಳಬೇಕು, ಬೇಲಿ ಕಟ್ಟಬೇಕು, ಗಾಡಿ ಹೊಡೆಯಬೇಕು. ವಾರ ವಾರವೂ ಎರಡು ಪಾಳಿ ಬಿಟ್ಟಿ, ಒಂದು ಪಾಳಿ ಕೈಗೆಲಸ. ಮೊಟ್ಟೆಯನ್ನೂ ಎಣಿಸಿ ಬರೆದ ಆ ಗುಮಾಸ್ತ, ಇಷ್ಟೆಲ್ಲ ಕೊಟ್ಟ ಮೇಲೆ ಮನೆಯಲ್ಲಿ ಏನು ಉಳಿಯಿತು ಎಂದು ಬರೆದಿಲ್ಲ!

ತಮಾಷೆಯೆಂದರೆ, ಕಾನೂನಿನ ಲೆಕ್ಕದಲ್ಲಿ ಬೋಡೋ ಸೆರ್ವುಸ್ ಅಲ್ಲವೇ ಅಲ್ಲ. ಅವನು ‘ಕೊಲೋನುಸ್’, ಅಂದರೆ ಹುಟ್ಟಿನಿಂದ ಗುಲಾಮನಲ್ಲದ ಒಕ್ಕಲು. ಆದರೆ ಅದೇ ಕಡತದಲ್ಲಿ ಕೊಲೋನುಸ್‌ಗಳು ಗುಲಾಮರ ಪಾಲಿನ ಹೊಲ ಮಾಡುತ್ತಾರೆ, ಗುಲಾಮರು ಇವರ ಪಾಲಿನದ್ದನ್ನು ಮಾಡುತ್ತಾರೆ, ನಡುವೆ ಮದುವೆಗಳೂ ಆಗಿವೆ. ಎರಡು ಗುಂಪೂ ಹೀಗೆ ಕಲೆಯುತ್ತಾ ಬಂದು, ಮುಂದೆ ಎಲ್ಲರಿಗೂ ಸೇರಿ ‘ಸರ್ಫ್’ ಎಂಬ ಒಂದೇ ಹೆಸರು ಅಂಟಿಕೊಂಡಿತು.

ಇವರ ವಾರದ ದುಡಿತಕ್ಕೆ ‘ಬಿಟ್ಟಿ’ ಎಂಬ ನಮ್ಮ ಪದ ಸರಿಯಾಗಿ ಕೂರುತ್ತದೆ. ಅದು ಸಂಸ್ಕೃತದ ‘ವಿಷ್ಟಿ’, ಕೂಲಿ ಕೊಡದೆ ಮಾಡಿಸಿಕೊಳ್ಳುವ ಕೆಲಸ. ಕನ್ನಡ ಶಾಸನಗಳಲ್ಲಿ ಅದು ತೆರಿಗೆಗಳ ಸಾಲಿನಲ್ಲೇ ಬರುತ್ತದೆ. ಈಗ ‘ಬಿಟ್ಟಿ ಊಟ’ ಎಂದರೆ ಉಣ್ಣುವವನಿಗೆ ಲಾಭ. ಆಗ ಬಿಟ್ಟಿ ಎಂದರೆ ದುಡಿಸಿಕೊಂಡವನಿಗೆ.

ಮನೆಯೆಂದರೆ ಮರದ ಕಂಬ, ಮಣ್ಣು ಮೆತ್ತಿದ ತಡಿಕೆ, ಹುಲ್ಲಿನ ಮಾಡು. ನಡುವೆ ಒಲೆ, ಹೊಗೆಗೆ ಬೇರೆ ದಾರಿಯಿಲ್ಲ. ಎಷ್ಟೋ ಕಡೆ ದನವೂ ಅದೇ ಸೂರಿನಡಿ. ರೈ, ಬಾರ್ಲಿಗಳ ಒರಟು ರೊಟ್ಟಿ, ಅವರೆಯಂಥ ಕಾಳು, ಸೊಪ್ಪು ಬೇಯಿಸಿದ ಗಂಜಿ. ಒಂದು ಸೇರು ಬಿತ್ತಿದರೆ ಎರಡು ಮೂರು ಸೇರು ಕೊಯ್ಲು ಎಂದು ಕೆಲವು ಇತಿಹಾಸಕಾರರು ಲೆಕ್ಕ ಹಾಕಿದ್ದಾರೆ, ಅದು ತೀರಾ ಕಡಿಮೆಯಾಯಿತು ಎನ್ನುವವರೂ ಇದ್ದಾರೆ. ಬೀಜಕ್ಕೆಂದು ಎತ್ತಿಟ್ಟರೆ ಊಟಕ್ಕೆ ಕಡಿಮೆ, ಊಟಕ್ಕೆಂದು ತೆಗೆದರೆ ಮುಂದಿನ ವರ್ಷ ಬಿತ್ತಲು ಕಡಿಮೆ. ಮಳೆಯೊಂದು ಕೈಕೊಟ್ಟರೂ ಸಾಕಿತ್ತು.

ಇವರ ಸ್ವಂತ ದನಿ ನಮಗೆ ಸಿಗುವುದು ಅಪರೂಪ, ಬರೆಯುತ್ತಿದ್ದವರೆಲ್ಲ ಮಠದವರು. ಸುಮಾರು 1000ದ ಹೊತ್ತಿಗೆ ಇಂಗ್ಲೆಂಡಿನ ಸನ್ಯಾಸಿ ಆಲ್ಫ್ರಿಕ್, ಹುಡುಗರಿಗೆ ಲ್ಯಾಟಿನ್ ಕಲಿಸಲೆಂದು ಬರೆದ ಸಂಭಾಷಣೆಯಲ್ಲಿ ಒಬ್ಬ ಉಳುವವನನ್ನು ಮಾತಾಡಿಸಿದ್ದಾನೆ. ಎಂಥ ಚಳಿಯಿದ್ದರೂ ಒಡೆಯನ ಹೆದರಿಕೆಗೆ ಮನೆಯಲ್ಲಿ ಕೂರುವಂತಿಲ್ಲ, ದಿನಕ್ಕೆ ಒಂದು ಎಕರೆಯಾದರೂ ಉಳಲೇಬೇಕು ಎನ್ನುತ್ತಾನೆ ಅವನು. ಜೊತೆಗೆ ಎತ್ತು ಹೊಡೆಯಲು ಒಬ್ಬ ಹುಡುಗನಿದ್ದಾನೆ. ಚಳಿಗೂ ಕೂಗಿಗೂ ಅವನ ಗಂಟಲು ಕಟ್ಟಿಹೋಗಿದೆ.