ಕೊನೆಯ ಕತ್ತರಿ ಯಾರ ಕೈಯಲ್ಲಿ?

ಸ್ವತಂತ್ರ ಸಿನಿಮಾ ಎಂದರೆ ಕಡಿಮೆ ಖರ್ಚಿನ ಸಿನಿಮಾ ಎಂದು ತಿಳಿದವರೇ ಹೆಚ್ಚು. ಸಂಕಲನವನ್ನೇ ಕಸುಬಾಗಿಸಿಕೊಂಡ ನನ್ನಂಥವರು ಮೊದಲು ಕೇಳುವುದು ಕೊನೆಯ ಕತ್ತರಿ, ಅಂದರೆ ಚಿತ್ರದ ಅಂತಿಮ ರೂಪವನ್ನು ನಿರ್ಧರಿಸುವ ಹಕ್ಕು, ಯಾರ ಕೈಯಲ್ಲಿದೆ ಎಂದು. ಥಾಯ್ಲೆಂಡಿನ ಚಿತ್ರನಿರ್ದೇಶಕ ಅಪಿಚಾತ್‌ಪಾಂಗ್ ವೀರಸೇತಕುಲ್ ಅದನ್ನು ಬಿಟ್ಟುಕೊಡದೆ ಬಾಳಿದವರು.

1970ರಲ್ಲಿ ಹುಟ್ಟಿ, ಈಶಾನ್ಯ ಭಾಗದ ಖೋನ್ ಕೇನ್‌ನಲ್ಲಿ ವೈದ್ಯ ದಂಪತಿಯ ಮಗನಾಗಿ ಬೆಳೆದ ಅವರು ಅಲ್ಲಿಯೇ ವಾಸ್ತುಶಿಲ್ಪ ಓದಿ, ಬಳಿಕ ಅಮೆರಿಕದ ಶಿಕಾಗೊ ಕಲಾಶಾಲೆಯಲ್ಲಿ ಚಿತ್ರನಿರ್ಮಾಣ ಕಲಿತರು. 1999ರಲ್ಲಿ ಸ್ವಂತ ಸಂಸ್ಥೆ ಕಟ್ಟಿದರು. ಮರುವರ್ಷ ಬಂದ ಮೊದಲ ಪೂರ್ಣಾವಧಿ ಚಿತ್ರ ‘ಮಿಸ್ಟೀರಿಯಸ್ ಆಬ್ಜೆಕ್ಟ್ ಅಟ್ ನೂನ್’ನಲ್ಲಿ ಮೀನು ಮಾರುವ ಹೆಂಗಸೊಬ್ಬಳು ತನ್ನನ್ನು ಅಪ್ಪನೇ ಮಾರಿದ ಸಂಗತಿಯನ್ನು ಹೇಳಿ ಕಣ್ಣೊರೆಸಿಕೊಳ್ಳುತ್ತಾಳೆ, ಕ್ಯಾಮೆರಾದ ಹಿಂದಿನ ದನಿ ತಣ್ಣಗೆ, ನಿಜವೋ ಕಟ್ಟುಕಥೆಯೋ, ಇನ್ನೊಂದು ಕಥೆ ಹೇಳು ಎನ್ನುತ್ತದೆ. ಅವಳು ತೊಡಗಿದ ಕಥೆಯನ್ನು ಊರೂರಿನ ಜನ, ಜಾನಪದ ಮೇಳದವರು, ಸಂಜ್ಞಾಭಾಷೆಯ ಹುಡುಗಿಯರು, ಶಾಲಾಮಕ್ಕಳು ತಮಗೆ ತೋಚಿದಂತೆ ಬೆಳೆಸುತ್ತಾರೆ. ಕನಸಿನಂಥ ಕಲೆಯನ್ನು ಕಟ್ಟಿದ ಪಶ್ಚಿಮದ ಸರ್ರಿಯಲಿಸ್ಟರು ಆಡುತ್ತಿದ್ದ, ಒಬ್ಬರು ಬಿಟ್ಟಲ್ಲಿಂದ ಇನ್ನೊಬ್ಬರು ಮುಂದುವರಿಸುವ ಆಟವೊಂದು ಹೀಗೆ ಥಾಯ್ ಹಳ್ಳಿಗಳಿಗೆ ಬಂತು. ಇಂಥದ್ದಕ್ಕೆ ಯಾವ ಸ್ಟುಡಿಯೊ ಹಣ ಹೂಡೀತು? ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್ ಚಿತ್ರೋತ್ಸವದ ನಿಧಿ ನೆರವಾಯಿತು. ಮುಂದಿನ ಚಿತ್ರಗಳಿಗೂ ಹಲವು ದೇಶಗಳಿಂದ ಹಣ ಕೂಡಿಸುವುದೇ ರೂಢಿಯಾಯಿತು. ತಾಪತ್ರಯದ ದಾರಿಯೇ ಸರಿ. ಆದರೆ ಹತ್ತು ಕಡೆಯಿಂದ ಹಣ ಬಂದಾಗ ಒಬ್ಬನೇ ಹೂಡಿಕೆದಾರ ಸಂಕಲನದ ಕೋಣೆಗೆ ನುಗ್ಗಿ ಅಪ್ಪಣೆ ಕೊಡಲಾರ.

ಅಪ್ಪಣೆ ಬಂದದ್ದು ಸರ್ಕಾರದಿಂದ. ತಂದೆತಾಯಿಯ ಬದುಕಿನಿಂದ ಪ್ರೇರಣೆ ಪಡೆದ 2006ರ ‘ಸಿಂಡ್ರೋಮ್ಸ್ ಅಂಡ್ ಎ ಸೆಂಚುರಿ’ಯಲ್ಲಿ ಬೌದ್ಧ ಭಿಕ್ಷು ಗಿಟಾರ್ ನುಡಿಸುವುದು, ವೈದ್ಯರು ಆಸ್ಪತ್ರೆಯಲ್ಲೇ ಮದ್ಯ ಕುಡಿಯುವುದು ಮುಂತಾದ ದೃಶ್ಯಗಳನ್ನು ತೆಗೆಯಬೇಕೆಂದು ಸೆನ್ಸಾರ್ ಮಂಡಳಿ ಪಟ್ಟು ಹಿಡಿಯಿತು. ಅಪಿಚಾತ್‌ಪಾಂಗ್ ಬಿಡುಗಡೆಯನ್ನೇ ಕೈಬಿಟ್ಟರು. 2008ರಲ್ಲಿ ಬ್ಯಾಂಕಾಕ್‌ನಲ್ಲಿ ಸೀಮಿತ ಪ್ರದರ್ಶನ ನಡೆದಾಗ, ತೆಗೆದ ದೃಶ್ಯಗಳ ಜಾಗದಲ್ಲಿ ಕಪ್ಪು ಫಿಲ್ಮ್ ಸೇರಿಸಿ, ಧ್ವನಿಯೂ ಇಲ್ಲದಂತೆ ಓಡಿಸಿದರು. ಸಾಮಾನ್ಯವಾಗಿ ನಾವು ಕತ್ತರಿಸಿದ ಗುರುತೇ ಕಾಣದಂತೆ ಎರಡು ತುದಿಗಳನ್ನು ಬೆಸೆಯುತ್ತೇವೆ, ಮತ್ತು ಸೆನ್ಸಾರಿನವರು ಬಯಸುವುದೂ ಅದನ್ನೇ. ಇಲ್ಲಿ ಮಾತ್ರ ಗಾಯವನ್ನು ತೆರೆದೇ ಇಟ್ಟಿದ್ದರು. ಯಾವುದೋ ದೃಶ್ಯ ಕಾಣೆಯಾಗಿದೆ ಎಂಬುದು ಪ್ರೇಕ್ಷಕನಿಗೆ ಕತ್ತಲಲ್ಲಿ ಕೂತೇ ತಿಳಿಯಿತು. ಸಂಕಲನದ ವಿದ್ಯಾರ್ಥಿಗಳಿಗೆ ನಾನು ಹೇಳಬಯಸುವ ಪಾಠಗಳಲ್ಲಿ ಇದಕ್ಕೆ ಮೊದಲ ಸ್ಥಾನ.

2010ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ‘ಪಾಮ್ ಡೋರ್’ ಪಡೆದ ಮೇಲೂ ತವರಿನ ತೊಡಕು ತೀರಲಿಲ್ಲ. 2015ರ ಚಿತ್ರವನ್ನು ಅವರು ಥಾಯ್ಲೆಂಡಿನಲ್ಲಿ ತೆರೆಗೆ ತರಲೇ ಇಲ್ಲ. 2021ರ ‘ಮೆಮೋರಿಯಾ’ವನ್ನು ಕೊಲಂಬಿಯಾದಲ್ಲಿ ಚಿತ್ರೀಕರಿಸಿದರು.