ನೋವು ಮುಚ್ಚಿಡುವುದು ಶಿಸ್ತಲ್ಲ

ಆಗಸ್ಟ್ ಬಂತೆಂದರೆ ಶಾಲಾ ಕ್ರೀಡಾಕೂಟಗಳು ಶುರು. ಅದರ ಹಿಂದೆಯೇ ದಸರಾ ಕ್ರೀಡಾಕೂಟ. ನಮ್ಮ ಮಲೆನಾಡಿನಲ್ಲಿ ಅದೇ ಹೊತ್ತಿಗೆ ಮೈದಾನವೆಲ್ಲ ಕೆಸರು. ಮಕ್ಕಳು ಡಾಂಬರು ರಸ್ತೆಗೆ ಇಳಿಯುತ್ತಾರೆ. ಹಳೇ ಶೂ, ಗಟ್ಟಿ ರಸ್ತೆ, ಒಮ್ಮೆಲೇ ಜಾಸ್ತಿ ಓಟ. ಕೆಲವೇ ವಾರದಲ್ಲಿ ಕಾಲು ನೋವು. ಆದರೆ ಮಕ್ಕಳು ಬಾಯಿ ಬಿಡುವುದಿಲ್ಲ. ಬಿಟ್ಟರೆ ಮನೆಯಲ್ಲಿ, "ಅಷ್ಟಕ್ಕೆಲ್ಲ ಕೂತ್ರೆ ಹೇಗೆ? ಶಿಸ್ತು ಬೇಕು" ಅನ್ನುತ್ತಾರೆ.

ಮಕ್ಕಳಿಗೆ ಓಟ ಕಲಿಸುವ ನನಗೆ ಈ ಮಾತು ಕೇಳಿದರೆ ಸಿಟ್ಟು ಬರುತ್ತದೆ.

ನೋವಿನಲ್ಲಿ ಎರಡು ಬಗೆ. ಜೋರು ಅಭ್ಯಾಸದ ಮರುದಿನ ಎರಡೂ ತೊಡೆ, ಮೀನಖಂಡ ಹಿಡಿದುಕೊಳ್ಳುತ್ತವೆ. ಅದು ಸ್ನಾಯುವಿನ ನೋವು. ಎರಡು-ಮೂರು ದಿನದಲ್ಲಿ ಹೋಗುತ್ತದೆ, ಹೆದರಬೇಕಿಲ್ಲ. ಇನ್ನೊಂದು, ಮೊಣಕಾಲಿನ ಕೆಳಗೆ ಮುಂದಿನ ಮೂಳೆಯ ಮೇಲೆ ಒಂದೇ ಜಾಗದಲ್ಲಿ ಬರುವ ನೋವು. ಬೆರಳಿಟ್ಟು ತೋರಿಸಬಹುದು. ಒತ್ತಿದರೆ ಚುರ್ ಅನ್ನುತ್ತದೆ. ಮೊದಲು ಓಡುವಾಗ ಮಾತ್ರ, ಆಮೇಲೆ ನಡೆಯುವಾಗಲೂ, ಕೊನೆಗೆ ಮಲಗಿದಾಗಲೂ. ಮತ್ತೆ ಹೇಳುತ್ತೇನೆ: ಒಂದೇ ಜಾಗ, ಮೂಳೆಯ ಮೇಲೆ, ದಿನದಿಂದ ದಿನಕ್ಕೆ ಜಾಸ್ತಿ. ಅಂದರೆ ಓಟ ಅಂದೇ ನಿಲ್ಲಬೇಕು.

ಓಟದ ಭಾರ ಬಿದ್ದಾಗ ದೇಹ ಮೊದಲು ಸವೆದ ಮೂಳೆಯನ್ನು ತೆಗೆಯುತ್ತದೆ, ಆಮೇಲೆ ಹೊಸದನ್ನು ತುಂಬುತ್ತದೆ. ತೆಗೆಯುವುದು ಬೇಗ, ತುಂಬುವುದು ನಿಧಾನ. ಆ ನಡುವಿನ ದಿನಗಳಲ್ಲಿ ಮತ್ತೂ ಭಾರ ಹಾಕಿದರೆ ಕೂದಲೆಳೆಯ ಬಿರುಕು ಬೀಳಬಹುದು. ಇದು ಮೊದಲ ವಾರಗಳ ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ. "ಎಕ್ಸ್‌ರೇ ಸರಿ ಇದೆ ಸರ್, ಓಡಲಿ" ಅಂತ ಬರುವ ಅಪ್ಪಂದಿರೇ, ದಯವಿಟ್ಟು ಇದನ್ನು ಗಮನಿಸಿ. ನಾನು ಡಾಕ್ಟರಲ್ಲ. ಮೂಳೆ ಡಾಕ್ಟರಿಗೆ ತೋರಿಸಿ, ಅವರು ಹೇಳುವವರೆಗೆ ಓಡಿಸಬೇಡಿ.

ವಿಶ್ರಾಂತಿ ಅಂದರೆ ಸೋಮಾರಿತನ ಅನ್ನುವವರಿಗೆ ನಾನು ಇಂಗ್ಲೆಂಡಿನ ಓಟಗಾರ ರೋಜರ್ ಬ್ಯಾನಿಸ್ಟರ್ ಕಥೆ ಹೇಳುತ್ತೇನೆ. 1954ರಲ್ಲಿ ಅವರ ಅಭ್ಯಾಸದ ಒಂದು ಸುತ್ತು, ಅಂದರೆ ಕಾಲು ಮೈಲಿ, 61 ಸೆಕೆಂಡಿಗೆ ಬಂದು ನಿಂತಿತ್ತು, ಏನು ಮಾಡಿದರೂ ಇಳಿಯಲಿಲ್ಲ. ಅಭ್ಯಾಸ ಬಿಟ್ಟು ಗೆಳೆಯನ ಜೊತೆ ಸ್ಕಾಟ್ಲೆಂಡಿನಲ್ಲಿ ಬೆಟ್ಟ ಹತ್ತಲು ಹೋದರು. ಬಂದ ಮೇಲೆ 59ಕ್ಕೆ ಇಳಿಯಿತು. ಮೇ 6ರಂದು ಒಂದು ಮೈಲಿಯನ್ನು 3 ನಿಮಿಷ 59.4 ಸೆಕೆಂಡಿನಲ್ಲಿ ಮುಗಿಸಿದರು. ನಾಲ್ಕು ನಿಮಿಷದೊಳಗೆ ಓಡಿದವರಲ್ಲಿ ಅವರೇ ಮೊದಲಿಗರು.

ತೀರ್ಥಹಳ್ಳಿ ಕಡೆಯ ಒಬ್ಬಳು ನಮ್ಮ ರಿಲೇ ತಂಡದ ಕ್ಯಾಪ್ಟನ್ ಆಗಿದ್ದಳು. ಜಿಲ್ಲಾ ಕೂಟಕ್ಕೆ ಸ್ವಲ್ಪ ದಿನ ಇದ್ದಾಗ, ಚಿಕ್ಕವರೆಲ್ಲ ಸುತ್ತ ನಿಂತಿರುವಾಗಲೇ, "ಸರ್, ಇಲ್ಲಿ ಒತ್ತಿದ್ರೆ ನೋವು, ನಾನು ಓಡಲ್ಲ" ಅಂದಳು. ಅಳುತ್ತಲೇ ಅಂದಳು. ಮರುದಿನ ಇಬ್ಬರು ಪುಟ್ಟ ಹುಡುಗಿಯರು ತಾವಾಗಿಯೇ ಬಂದು ಕಾಲು ತೋರಿಸಿದರು. ಅಲ್ಲಿಯವರೆಗೆ ಇಬ್ಬರೂ ಸುಮ್ನೆ ಸಹಿಸಿಕೊಂಡಿದ್ದರು. ಅವರ ಬಾಯಿ ಬಿಡಿಸಲು ನನ್ನ ಯಾವ ಭಾಷಣದಿಂದಲೂ ಆಗಿರಲಿಲ್ಲ. ನಾಯಕತ್ವ ಅಂದರೆ ಇದೇ ಅಲ್ವಾ?

ಕಾಲು ನೋವು ಅಂದವರನ್ನು ನಾನು ತಂಡದಿಂದ ತೆಗೆಯುವುದಿಲ್ಲ. ಸ್ಟಾಪ್‌ವಾಚ್ ಅವರ ಕೈಗೆ ಕೊಡುತ್ತೇನೆ, ಡಾಕ್ಟರು ಒಪ್ಪಿದರೆ ಸೈಕಲ್ ತುಳಿಸುತ್ತೇನೆ. ಇದನ್ನು ಮಕ್ಕಳಿಗೆ ಮನೆಯಲ್ಲೂ ಹೇಳಿಡಿ.