ಮಳೆಯ ಹೊಳಪಿಗೆ ವಾರ್ನಿಷ್ ಬೇಡ

ಕೆನಡಾದ ಟೊರೊಂಟೊ ನಗರದ ಆರ್ಟ್ ಗ್ಯಾಲರಿ ಆಫ್ ಒಂಟಾರಿಯೊದಲ್ಲಿ ಫ್ರೆಂಚ್ ಚಿತ್ರಕಾರ ಕಮೀಲ್ ಪಿಸಾರೊ 1896ರಲ್ಲಿ ಬಿಡಿಸಿದ ಒಂದು ನದಿ ಬಂದರಿನ ಚಿತ್ರವಿದೆ. ಫ್ರಾನ್ಸಿನ ರೂಆನ್ ಪಟ್ಟಣ, ಸೇನ್ ನದಿ, ಅದರ ಮೇಲೆ ಬೊಯೆಲ್ದ್ಯೂ ಎಂಬ ಕಬ್ಬಿಣದ ಸೇತುವೆ. ಮಳೆಯ ದಿನ. ಚಿತ್ರದ ತುಂಬ ಬೂದು ಬಣ್ಣ. ಆದರೂ ನೋಡಿದ ತಕ್ಷಣ ಎಲ್ಲವೂ ಒದ್ದೆಯಾಗಿ ಹೊಳೆಯುತ್ತಿದೆ ಅನ್ನಿಸುತ್ತದೆ. ಹಳೆ ತೈಲಚಿತ್ರಗಳನ್ನು ಸ್ವಚ್ಛ ಮಾಡಿ, ಸರಿಪಡಿಸಿ ಕೊಡುವ ಕೆಲಸ ನನ್ನದು. ಚಿತ್ರದೊಳಗಿನ ಹೊಳಪು ಬೇರೆ, ಚಿತ್ರದ ಮೇಲಿನ ಹೊಳಪು ಬೇರೆ ಅಂತ ಯಾರಿಗಾದರೂ ಹೇಳಬೇಕಾದಾಗ ನಾನು ಇದೇ ಚಿತ್ರವನ್ನು ತೋರಿಸುತ್ತೇನೆ.

ಮೊದಲು ಬಂದರಿನ ವಿಷಯ. ರೂಆನ್ ಸಮುದ್ರದ ದಡದಲ್ಲಿಲ್ಲ. ನದಿಯಲ್ಲಿ ಸುಮಾರು 120 ಕಿಲೋಮೀಟರ್ ಒಳಗಿದೆ. ಆದರೂ ಉಬ್ಬರ ಇಳಿತ ಅಲ್ಲಿಯವರೆಗೂ ಬರುತ್ತದೆ, ಸಮುದ್ರದ ಹಡಗುಗಳೂ ಬರುತ್ತವೆ. ಮುಂದೆ ಸೇತುವೆಗಳಿವೆ, ದೊಡ್ಡ ಹಡಗು ದಾಟುವ ಹಾಗಿಲ್ಲ. ಹಾಗಾಗಿ ಕಲ್ಲಿದ್ದಲು, ಮರ, ವೈನ್ ಪೀಪಾಯಿ ಎಲ್ಲವೂ ಆಗ ಇಲ್ಲೇ ಇಳಿಯಬೇಕಿತ್ತು. ಪ್ಯಾರಿಸ್‌ಗೆ ಹೋಗುವ ಮಾಲನ್ನು ಚಪ್ಪಟೆ ತಳದ ದೋಣಿಗಳಿಗೆ ತುಂಬುತ್ತಿದ್ದರು. ಕ್ರೇನು, ಕೂಲಿಗಳು, ಗಾಡಿಗಳು, ಹಬೆ ದೋಣಿಗಳ ಹೊಗೆ, ಎದುರು ದಡದ ಸೇಂಟ್ ಸೆವೆರ್ ಬಡಾವಣೆಯಲ್ಲಿ ಕಾರ್ಖಾನೆಗಳ ಚಿಮಣಿ. ರೂಆನ್‌ಗೆ ಬರುತ್ತಿದ್ದ ಪ್ರವಾಸಿಗಳು ನೋಡುತ್ತಿದ್ದದ್ದು ಈಚೆ ದಡದ ಹಳೆ ಕೆಥೆಡ್ರಲ್ ಚರ್ಚನ್ನು. ಪಿಸಾರೊನ ಗೆಳೆಯ, ಚಿತ್ರಕಾರ ಮೋನೆ ಕೂಡ ಅದನ್ನೇ ಬಿಡಿಸಿ, 1895ರಲ್ಲಿ ಪ್ಯಾರಿಸ್‌ನಲ್ಲಿ ಇಪ್ಪತ್ತು ಚಿತ್ರಗಳನ್ನು ಸಾಲಾಗಿ ತೋರಿಸಿದ್ದ. ಪಿಸಾರೊ ಅವನ್ನು ನೋಡಿ ಮೆಚ್ಚಿದ. ಮರುವರ್ಷ ತಾನೇ ರೂಆನ್‌ಗೆ ಹೋದಾಗ ಮಾತ್ರ ಹೆಚ್ಚಾಗಿ ಹೊಗೆಯ ಕಡೆಗೇ ಮುಖ ಮಾಡಿ ಕೂತ.

ಕೂತ ಅಂದರೆ ಹೋಟೆಲ್ ಕಿಟಕಿಯಲ್ಲಿ. ಆಗ ಅವನಿಗೆ 65 ದಾಟಿತ್ತು. ಬಲಗಣ್ಣಿನ ಕಣ್ಣೀರು ಚೀಲಕ್ಕೆ ಪದೇ ಪದೇ ಸೋಂಕು ಆಗುತ್ತಿತ್ತು. ಗಾಳಿ, ಧೂಳು ತಾಗಿದರೆ ಜಾಸ್ತಿಯಾಗುತ್ತಿತ್ತು. ಹೊಲ, ತೋಟಗಳಲ್ಲಿ ಈಸೆಲ್ ನಿಲ್ಲಿಸಿಕೊಂಡು ಬದುಕಿದ ಮನುಷ್ಯ ಕೊನೆಯ ವರ್ಷಗಳಲ್ಲಿ ಗಾಜಿನ ಹಿಂದೆ ಕೂತು ಊರುಗಳನ್ನು ಬಿಡಿಸಿದ್ದು ಹೀಗೆ. 1896ರಲ್ಲೇ ಎರಡು ಸಲ ರೂಆನ್‌ಗೆ ಹೋಗಿ, ನದಿ ಕಡೆಯ ಹೋಟೆಲ್‌ಗಳಲ್ಲಿ ಉಳಿದ. 1898ರಲ್ಲಿ ಮತ್ತೆ ಹೋದ. ಬಂದರು ಅವನಿಗೆ ಹೊಸದೇನಲ್ಲ. ಹುಟ್ಟಿದ್ದು ಕೆರಿಬಿಯನ್‌ನ ಸೇಂಟ್ ಥಾಮಸ್ ದ್ವೀಪದಲ್ಲಿ. ಹುಡುಗನಾಗಿದ್ದಾಗ ಅಪ್ಪನ ವ್ಯಾಪಾರಕ್ಕಾಗಿ ಅಲ್ಲಿನ ಬಂದರಿನಲ್ಲಿ ಸರಕಿನ ಲೆಕ್ಕ ನೋಡಿಕೊಂಡಿದ್ದ. ಅರವತ್ತೈದರಲ್ಲಿ ರೂಆನ್ ಕಿಟಕಿಯಿಂದ ಕ್ರೇನು, ಪೀಪಾಯಿ ನೋಡುವವನಿಗೆ ಅವು ಏನು ಎತ್ತ ಎಂದು ಯಾರೂ ಹೇಳಿಕೊಡಬೇಕಿರಲಿಲ್ಲ.

1896ರ ಫೆಬ್ರವರಿಯಲ್ಲಿ ಮಗ ಲೂಸಿಯನ್‌ಗೆ ಒಂದು ಪತ್ರ ಬರೆದ. ಮಂಜು, ಮಳೆ, ಸಂಜೆ ಬಿಸಿಲು ಎಲ್ಲವನ್ನೂ ಬಿಡಿಸುತ್ತಿದ್ದೇನೆ, ಆದರೆ ತುಂಬ ಹಿಡಿಸಿರುವುದು ಒದ್ದೆ ದಿನದ ಕಬ್ಬಿಣದ ಸೇತುವೆ ಎಂಬುದು ಅದರ ಸಾರ. ಗಾಡಿ, ಜನ, ದಕ್ಕೆಯ ಕೂಲಿಗಳು, ದೋಣಿ, ಹೊಗೆ, ದೂರದ ಮಂಜು ಎಂದು ಒಂದೊಂದಾಗಿ ಹೆಸರಿಸುತ್ತಾನೆ.

ಈಗ ಚಿತ್ರಕ್ಕೆ ಬನ್ನಿ. ಫೋನಿನಲ್ಲೇ ದೊಡ್ಡದು ಮಾಡಿ ನೋಡಬಹುದು. ದೂರದ ದಡ ನೋಡಿ: ಕಟ್ಟಡಗಳಿಗೆ ಗಟ್ಟಿ ಅಂಚೇ ಇಲ್ಲ, ಆಕಾಶದ ಬೂದುವಿನಲ್ಲಿ ಕರಗಿಹೋಗುತ್ತವೆ. ಆ ಬೂದು ಕಪ್ಪು ಬಿಳಿ ಕಲಸಿದ್ದಲ್ಲ. ಪಿಸಾರೊ ಮತ್ತು ಅವನ ಗೆಳೆಯರು ಬಹುಮಟ್ಟಿಗೆ ಕಪ್ಪನ್ನು ದೂರ ಇಟ್ಟಿದ್ದರು. ನೀಲಿ, ಕೆಂಪು, ಹಸಿರು, ಹಳದಿ ಎಲ್ಲ ಒಂದರ ಪಕ್ಕ ಒಂದು, ಒಂದರ ಮೇಲೊಂದು ಬಿದ್ದು, ಜೊತೆಗೆ ಬಿಳಿ ಸೇರಿ ಬೂದು ಕಾಣುತ್ತದೆ. ಅದಕ್ಕೇ ಒಂದು ಕಡೆ ನೇರಳೆಯ ಛಾಯೆ, ಇನ್ನೊಂದು ಕಡೆ ಮಣ್ಣಿನ ಬಿಸಿ. ಸೇತುವೆಯ ಮೇಲಿನ ಜನರಲ್ಲಿ ಹಲವರು ಎರಡು ಮೂರು ಬ್ರಷ್ ಏಟು ಅಷ್ಟೇ. ಮುಖ ಹುಡುಕಬೇಡಿ, ಸಿಗುವುದಿಲ್ಲ.

ಒದ್ದೆಯನ್ನು ಹೇಗೆ ತೋರಿಸಿದ? ಯಾವ ಚಿತ್ರಕಾರನಿಗಾದರೂ ಇದು ಕೆಲಸದ ಪ್ರಶ್ನೆ. ಒಣ ರಸ್ತೆ ತನ್ನದೇ ಬಣ್ಣ ತೋರಿಸುತ್ತದೆ. ಒದ್ದೆ ರಸ್ತೆ ಆಕಾಶದ ಬಣ್ಣ ತೋರಿಸುತ್ತದೆ. ಹಾಗಾಗಿ ನೆಲಕ್ಕೆ ಆಕಾಶದ ತಿಳಿ ಬಣ್ಣವನ್ನೇ ತರಬೇಕು, ನಿಂತ ಜನರ ಕಾಲ ಕೆಳಗೆ ಕಡು ಬಣ್ಣವನ್ನು ಕೆಳಮುಖವಾಗಿ ಎಳೆಯಬೇಕು. ಪಕ್ಕಪಕ್ಕದ ತಿಳಿ ಮತ್ತು ಕಡು ಬಣ್ಣಗಳ ಅಂತರದಿಂದಲೇ ಹೊಳಪು ಹುಟ್ಟುತ್ತದೆ. ಆ ಅಂತರ ತುಂಬ ಸಣ್ಣದು. ನನ್ನಂಥವರು ಹೆದರುವುದು ಅಲ್ಲೇ.

ಯಾಕೆಂದರೆ ಚಿತ್ರ ಒಣಗಿದ ಮೇಲೆ ಹೊಳಪಿಗೆ, ರಕ್ಷಣೆಗೆ ಅಂತ ಮೇಲೆ ಹಚ್ಚುವ ವಾರ್ನಿಷ್ ಆ ಅಂತರವನ್ನೇ ಕೆಡಿಸುತ್ತದೆ. ಒಣಗಿದ ಕಡಪ ಕಲ್ಲಿನ ಮೇಲೆ ನೀರು ಚಿಮುಕಿಸಿದರೆ ಕಲ್ಲು ಕಪ್ಪಗಾಗುತ್ತದಲ್ವಾ, ವಾರ್ನಿಷ್ ಮಾಡುವುದೂ ಅದನ್ನೇ. ಕಡು ಬಣ್ಣ ಇನ್ನೂ ಕಡುವಾಗುತ್ತದೆ, ಸುಣ್ಣದಂತೆ ಕಾಣುವ ತಿಳಿ ಬೂದು ತನ್ನ ಮಸುಕು ಕಳೆದುಕೊಳ್ಳುತ್ತದೆ. ದೂರದ ಮಂಜು ಹತ್ತಿರ ಬಂದುಬಿಡುತ್ತದೆ. ಅದರ ಮೇಲೆ ಕೋಣೆಯ ದೀಪದ ಪ್ರತಿಫಲನ ಬೇರೆ. ಡಮ್ಮರ್, ಮ್ಯಾಸ್ಟಿಕ್‌ನಂಥ ಮರದ ಅಂಟಿನಿಂದ ಮಾಡಿದ ವಾರ್ನಿಷ್ ಆದರೆ ವರ್ಷಗಳು ಕಳೆದಂತೆ ಹಳದಿ ತಿರುಗುತ್ತದೆ. ಆಗ ನೀಲಿ ಬೂದು ಹಸಿರು ಬೂದುವಾಗುತ್ತದೆ. ರೂಆನ್‌ನ ಮಳೆ ಹೋಗಿ ಪಾಚಿಗಟ್ಟಿದ ಕೆರೆ ಬರುತ್ತದೆ.

ಪಿಸಾರೊಗೆ ಇದು ಚೆನ್ನಾಗಿ ಗೊತ್ತಿತ್ತು. ಪ್ಯಾರಿಸ್‌ನ ಓರ್ಸೆ ಮ್ಯೂಸಿಯಂನಲ್ಲಿರುವ, 1880ರ ಅವನ ಶಾಪೊನ್ವಾಲ್ ಹಳ್ಳಿಯ ಚಿತ್ರದ ಹಿಂಬದಿಯಲ್ಲಿ, ದಯವಿಟ್ಟು ಈ ಚಿತ್ರಕ್ಕೆ ವಾರ್ನಿಷ್ ಹಚ್ಚಬೇಡಿ ಎಂದು ಬರೆದು ಹೆಸರು ಹಾಕಿದ್ದಾನೆ. ಕಲಾವಿದನೇ ಇಷ್ಟು ಸ್ಪಷ್ಟವಾಗಿ ಹೇಳಿ ಹೋಗುವುದು ಅಪರೂಪ. ಆದರೆ ಆ ಕಾಲದ ವ್ಯಾಪಾರಿಗಳಿಗೂ ಕೊಳ್ಳುವವರಿಗೂ ತೈಲಚಿತ್ರ ಅಂದರೆ ಫಳಫಳ ಹೊಳೆಯಬೇಕು. ಪಿಸಾರೊ, ಮೋನೆಯಂಥ ಇಂಪ್ರೆಷನಿಸ್ಟ್ ಚಿತ್ರಕಾರರ ಎಷ್ಟೋ ಚಿತ್ರಗಳಿಗೆ ಅವರ ಕೈ ಬಿಟ್ಟ ಮೇಲೆ ವಾರ್ನಿಷ್ ಬಿತ್ತು. ಇಪ್ಪತ್ತನೇ ಶತಮಾನದಲ್ಲಿ ಇನ್ನೊಂದು ಕಾಟ. ಚಿತ್ರ ಗಟ್ಟಿಯಾಗಲಿ ಅಂತ ಹಿಂಬದಿಗೆ ಬಿಸಿ ಮೇಣ, ರಾಳ ಸೇರಿಸಿ ಹೊಸ ಬಟ್ಟೆ ಅಂಟಿಸುತ್ತಿದ್ದರು. ಮೇಣ ಮುಂದಕ್ಕೆ ಇಳಿದು, ಬಣ್ಣ ಬೀಳದೆ ಉಳಿದ ಕ್ಯಾನ್ವಾಸ್ ಕಪ್ಪಾಗುತ್ತಿತ್ತು. ಎದ್ದು ನಿಂತ ಬಣ್ಣ ಚಪ್ಪಟೆಯಾಗುತ್ತಿತ್ತು. ವಾರ್ನಿಷನ್ನಾದರೂ ಬಹಳಷ್ಟು ಸಲ ತೆಗೆಯಬಹುದು. ಮೇಣ ಕುಡಿದ ಕ್ಯಾನ್ವಾಸ್ ಮೊದಲಿನಂತಾಗುವುದು ಕಷ್ಟ.

ಹಾಗಂತ ವಾರ್ನಿಷ್ ಕೆಟ್ಟದ್ದು ಅಂತಲ್ಲ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ರವಿವರ್ಮನ ಚಿತ್ರಗಳನ್ನು ನೋಡಿರುತ್ತೀರಿ. ರೇಷ್ಮೆ ಸೀರೆಯ ನೆರಿಗೆ, ಒಡವೆ, ಹಿಂದಿನ ಕತ್ತಲು, ಆ ಶೈಲಿಗೆ ಕಡು ಬಣ್ಣದ ಆಳ ಬೇಕು. ವಾರ್ನಿಷ್ ಆ ಆಳ ಕೊಡುತ್ತದೆ. ಪಿಸಾರೊ ಚಿತ್ರಕ್ಕೆ ಅದೇ ಮದ್ದು ಹಾಕಿದರೆ ರೋಗ. ನಮ್ಮ ಹತ್ತಿರ ಚಿತ್ರ ತರುವ ಮನೆಯವರು ಕೇಳುವುದು ಒಂದೇ ಪ್ರಶ್ನೆ, ಮಂಕಾಗಿದೆ, ಪಾಲಿಶ್ ಮಾಡ್ತೀರಾ ಅಂತ. ಧೂಳು ಕೂತು ಮಂಕಾಗಿದೆಯಾ, ಹಳೆ ವಾರ್ನಿಷ್ ಕೆಟ್ಟು ಮಂಕಾಗಿದೆಯಾ, ಅಥವಾ ಬಿಡಿಸಿದವರೇ ಹಾಗೆ ಬಯಸಿದ್ದರಾ, ಇದು ಗೊತ್ತಾಗುವ ಮೊದಲು ಕೈ ಹಾಕಬಾರದು. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ವಾರ್ನಿಷ್ ಇದ್ದರೆ ಸಾಮಾನ್ಯವಾಗಿ ಮೇಲೆಲ್ಲ ಒಂದೇ ಪೊರೆಯ ಹೊಳಪು ಕಾಣುತ್ತದೆ. ಇಲ್ಲದಿದ್ದರೆ ಒಂದೊಂದು ಬಣ್ಣದ್ದು ಒಂದೊಂದು ತರಹ.

ಕೆಲವರು ನಮ್ಮ ಹತ್ತಿರ ಬರುವ ಮೊದಲೇ ಕೊಬ್ಬರಿ ಎಣ್ಣೆ ಸವರಿರುತ್ತಾರೆ, ಆಲೂಗಡ್ಡೆ ಉಜ್ಜಿರುತ್ತಾರೆ. ನಾಲ್ಕು ದಿನ ಮಿಂಚುತ್ತದೆ, ಆಮೇಲೆ ಧೂಳು ಅಂಟಿ ಇನ್ನೂ ಕೊಳಕಾಗುತ್ತದೆ. ಮಳೆ ಜಾಸ್ತಿ ಇರುವ ಊರಾದರೆ ಬೂಷ್ಟು ಬರುವುದೂ ಉಂಟು. ವಾರ್ನಿಷ್ ಇಲ್ಲದ ಚಿತ್ರಕ್ಕೆ ರಕ್ಷಣೆ ಬೇಕೆಂದರೆ ಗಾಜು ಹಾಕಿಸಿ. ವಾರ್ನಿಷ್ ಬದಲು ಗಾಜು ಹಾಕುವ ಈ ದಾರಿಯನ್ನು ಪಿಸಾರೊ ಕೂಡ ಹಿಡಿದಿದ್ದ. ಆದರೆ ಗಾಜು ಬಣ್ಣಕ್ಕೆ ತಾಗಬಾರದು, ನಡುವೆ ಸುತ್ತ ಒಂದು ಪಟ್ಟಿ ಇಟ್ಟು ಸ್ವಲ್ಪ ಜಾಗ ಬಿಡಿಸಬೇಕು. ಫ್ರೇಮ್ ಅಂಗಡಿಯಲ್ಲಿ, ಅದೆಲ್ಲ ಬೇಡ, ಒತ್ತಿ ಕೂರಿಸಿಬಿಡೋಣ ಅನ್ನಬಹುದು. ಒಪ್ಪಬೇಡಿ.